ನಿಲ್ದಾಣದ ಮೈಕು, ಅವ್ವನ ಮಾತು

ಮೊನ್ನೆ ರಾಯಚೂರಿನ ಮನೆಯಲ್ಲಿ ಊಟಕ್ಕೆ ಕುಳಿತಾಗ ನಿಮ್ಮಲ್ಲಿ ಕಿರಿಯವಳು ನನ್ನನ್ನು ಕೇಳಿದಳು: "ಅಜ್ಜಿ, ನೀ ಯಾಕ ಟಿವಿ ನ್ಯೂಸಿನೋರ ಹಂಗ ಮಾತಾಡ್ತಿ? ದೇವದುರ್ಗದ ಅಜ್ಜಿಗೋಳು ಯಾರೂ ಹಿಂಗ ಮಾತಾಡಂಗಿಲ್ಲ."

ದೊಡ್ಡವನು ನಕ್ಕು, "ಅಜ್ಜಿ ಸಾರು ಕೇಳಿದ್ರೂ ಅನೌನ್ಸ್‌ಮೆಂಟ್ ಮಾಡಿದಂಗ ಇರ್ತದ" ಎಂದ.

ನಾನೂ ನಕ್ಕೆ. ಎದುರು ಕುಳಿತು ಏನನ್ನಾದರೂ ಹೇಳುವುದು ನನಗೆ ಎಂದೂ ಸಲೀಸಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇಬ್ಬರೂ ಓದಿಕೊಳ್ಳಿ, ಓದಿದ ಮೇಲೆ ನನ್ನನ್ನು ಏನೂ ಕೇಳಬೇಡಿ.

ನಿಮ್ಮ ಅಜ್ಜ ಬಸ್ ಚಾಲಕರಾಗಿದ್ದರು. ಅವರು ಕಾಯಿಲೆಯಿಂದ ತೀರಿಕೊಂಡ ಮೇಲೆ ನನಗೆ ಅನುಕಂಪದ ನೌಕರಿ ಬಂತು. ಹಳ್ಳಿ ಶಾಲೆಯಲ್ಲಿ ಏಳನೆಯ ತನಕ ಓದಿದವಳಿಗೆ ಸಿಕ್ಕಿದ್ದು ಸಹಾಯಕಿಯ ಕೆಲಸ. ಮಾನ್ವಿ ಬಸ್ ನಿಲ್ದಾಣದ ಕಂಟ್ರೋಲರ್ ಕೋಣೆ ಗುಡಿಸಬೇಕು, ನೀರು ತುಂಬಬೇಕು, ಚಹಾ ತರಬೇಕು. ನಿಮ್ಮ ಅಮ್ಮ ಆಗ ಎರಡನೆಯ ತರಗತಿ, ನಿಮ್ಮ ಮಾವ ಅಂಗನವಾಡಿಗೆ ಹೋಗುತ್ತಿದ್ದ. ಮನೆಯಲ್ಲಿ ಬೇರೆ ದೊಡ್ಡವರಿರಲಿಲ್ಲ. ಹಗಲು ಕೆಲಸ ಸಿಕ್ಕಿದ್ದೇ ನನ್ನ ಪುಣ್ಯ. ಡಿಪೋದಲ್ಲಿದ್ದ ಸಹಾಯಕರಿಗೆಲ್ಲ ರಾತ್ರಿ ಪಾಳಿ. ಊರೂರು ಸುತ್ತಿ ಬಂದ ಗಾಡಿಗಳನ್ನು ರಾತ್ರಿಯೇ ತೊಳೆಯಬೇಕು. ನನ್ನನ್ನೂ ಅಲ್ಲಿಗೆ ಕಳುಹಿಸಿದರೆ ಮಕ್ಕಳನ್ನು ಯಾರ ಬಳಿ ಬಿಡಲಿ? ಅವ್ವನನ್ನು ಕರೆಸೋಣವೆಂದರೆ ಹಾಸಿಗೆ ಹಿಡಿದ ಅಪ್ಪನನ್ನು ಬಿಟ್ಟು ಆಕೆ ಬರುವಂತಿರಲಿಲ್ಲ.

ಅವ್ವನ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಊರು ದೇವದುರ್ಗದ ಹತ್ತಿರ. ನಾವು ಕೂಲಿ ಮಾಡುವ ಜನ, ನಮ್ಮ ಕೇರಿ ಊರಿನ ಕೊನೆಗೆ. ಕೇರಿಯಲ್ಲಿ ಯಾರೇ ಸತ್ತರೂ ಮೊದಲು ಅವ್ವನಿಗೆ ಕರೆ ಬರುತ್ತಿತ್ತು. ನಮ್ಮಲ್ಲಿ ಸತ್ತವರ ಮುಂದೆ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಾಡಿಕೊಂಡು ಅಳುತ್ತಾರೆ. ಸತ್ತವರನ್ನು ಹೆಸರು ಹಿಡಿದು ಕರೆದು, ಅವರು ಉಂಡದ್ದು, ಜಗಳ ಆಡಿದ್ದು, ಕೊನೆಯ ದಿನ ಕೇಳಿದ್ದು ಎಲ್ಲವನ್ನೂ ಎತ್ತಿ ಆಡುತ್ತಾರೆ. ಅದಕ್ಕೆ ಕಲಿತ ಪದ ಬೇಕಿಲ್ಲ, ದಿನದ ಮಾತೇ ಸಾಕು. ಆದರೆ ಪ್ರತಿ ಮಾತಿನ ಕೊನೆಯನ್ನು ಎಳೆಯಬೇಕು. ಆ ಎಳೆತದಲ್ಲೇ ಉಳಿದ ಹೆಂಗಸರ ಅಳು ಬಂದು ಕೂಡಿಕೊಳ್ಳುತ್ತದೆ. ಅವ್ವ ಎಳೆದಳೆಂದರೆ ಬಾಗಿಲಲ್ಲಿ ನಿಂತ ಗಂಡಸರೂ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಹಳ್ಳಿ ಶಾಲೆಯಲ್ಲಿ ನಾವು ಬಾಯಿ ತೆರೆದರೆ ಯಾವ ಓಣಿಯವರೆಂದು ತಿಳಿಯುತ್ತಿತ್ತು. ಮೇಲೋಣಿಯ ಹುಡುಗಿಯರೂ ನಮ್ಮಂತೆಯೇ ಮನಿ, ಸಾಲಿ ಎನ್ನುತ್ತಿದ್ದರು. ಆದರೂ ನಮ್ಮ ರಾಗ ಬೇರೆ, ಅವರ ರಾಗ ಬೇರೆ. ಪಾಠ ಓದಲು ಎದ್ದಾಗ ಹಿಂದಿನಿಂದ ಯಾರೋ ನನ್ನ ರಾಗವನ್ನೇ ಹಿಡಿದು ಗೊಣಗುತ್ತಿದ್ದರು. ಹೀಗಾಗಿ ನಾನು ಏಳುವುದನ್ನೇ ಕಡಿಮೆ ಮಾಡಿದೆ. ನಾಚಿಕೆ ನನ್ನ ಸ್ವಭಾವ ಎಂದು ನೀವು ತಿಳಿದಿದ್ದೀರಿ. ಅರ್ಧ ಸ್ವಭಾವ, ಅರ್ಧ ಆ ಕೋಣೆಯಲ್ಲಿ ಕಲಿತದ್ದು.

ಇಂಥವಳ ಕೈಗೆ ಮೈಕು ಬಂತು. ಕಂಟ್ರೋಲರ್ ಅವರ ಗಂಟಲು ಕೂಗಿ ಕೂಗಿ ಕೆಟ್ಟು, ಇನ್ನು ಜೋರಾಗಿ ಮಾತಾಡಲೇಬಾರದೆಂದು ವೈದ್ಯರು ಹೇಳಿದ್ದರು. ಅವರು ತುಮಕೂರಿನ ಕಡೆಯವರು, ಇಲ್ಲಿಗೆ ಬಂದು ಬಹಳ ವರ್ಷಗಳಾಗಿದ್ದವು. ಒಂದು ಬೆಳಿಗ್ಗೆ ನನ್ನನ್ನು ಕರೆದು ಮೈಕಿನ ಮುಂದೆ ಕೂಡಿಸಿದರು.

"ಈ ಗುಂಡಿ ಒತ್ತಿ ಹಿಡ್ಕೊ. ದೇವದುರ್ಗದ ಗಾಡಿ ಬಂದಿದೆ ಅಂತ ಹೇಳು. ಅಷ್ಟೇನಮ್ಮಾ."

ನಾನು ಗುಂಡಿ ಒತ್ತಿದೆ. ಕಣ್ಣು ಮುಚ್ಚಿದೆ. ಹೊರಗೆ ನಿಂತವರು ನಮ್ಮ ಊರಿನವರೇ ಎಂದುಕೊಂಡು ಹೇಳಿಬಿಟ್ಟೆ: "ಏ ದೇವದುರ್ಗದೋರೇ, ನಿಮ್ಮ ಗಾಡಿ ಹೊಂಟದ, ಜಲ್ದಿ ಬರ್ರೀ... ಹಿಂದ ಸೀಟು ಖಾಲಿ ಅದಾವು, ಹತ್ತಿ ಕುಂದರ್ರೀ..."

ನಿಲ್ದಾಣದ ಈ ತುದಿಯಿಂದ ಆ ತುದಿಯವರೆಗೆ ನಗು. ಬಾಗಲವಾಡದ ಒಬ್ಬ ಮುದುಕ ಕಿಟಕಿಗೆ ಬಂದು, "ಯವ್ವಾ, ಇಷ್ಟು ವರ್ಷಕ್ಕ ಮೈಕಿಗೆ ಬಾಯಿ ಬಂತು ನೋಡು. ಇನ್ನೊಮ್ಮಿ ಕೂಗಬೇ" ಎಂದ. ಆತ ಮೆಚ್ಚಿಯೇ ಹೇಳಿದ್ದು. ಆದರೆ ಕಾಲೇಜಿನ ಹುಡುಗರು ಹಲವು ದಿನ ನನ್ನ ಕಿಟಕಿಯ ಮುಂದೆ "ಹತ್ತಿ ಕುಂದರ್ರೀ" ಎಂದು ಎಳೆದು ಹಾದುಹೋದರು. ಅದೇ ವಾರ ಪರಿಶೀಲನೆಗೆ ಬಂದಿದ್ದ ಮೇಲಧಿಕಾರಿಯೊಬ್ಬರ ಕಿವಿಗೂ ನನ್ನ ಕೂಗು ಬಿತ್ತು.

ಡಿಪೋ ಮ್ಯಾನೇಜರ್ ಕರೆಸಿದರು. ಸಿಟ್ಟಿನ ಮನುಷ್ಯರಲ್ಲ. "ನೋಡವ್ವಾ, ಕಂಟ್ರೋಲರ್ ಸಾಹೇಬ್ರಿಗೆ ಮಾತಾಡಾಕ ಆಗಂಗಿಲ್ಲ. ಸ್ಟ್ಯಾಂಡಿನ್ಯಾಗ ಇರೋದು ನಿಂದೊಂದೇ ಜಾಗ. ಆ ಜಾಗದಾಗ ಇರೋರಿಗೆ ಮೈಕ್ ಬರಬೇಕು. ನಿನ್ನ ಪ್ರೊಬೇಷನ್ ಮುಗಿಯೋದರಾಗ ಮಾತು ತಿದ್ದಿಕೊಂಡ್ರ ಇಲ್ಲೇ ಇರ್ತಿ. ಇಲ್ಲಂದ್ರ ಬ್ಯಾರೆಯವ್ರನ್ನ ತರಬೇಕಾಗ್ತದ, ನೀ ಡಿಪೋಕ್ಕ ಬರ್ತಿ."

ಡಿಪೋ ಎಂದರೆ ರಾತ್ರಿ ಪಾಳಿ. ಇಬ್ಬರು ಮಕ್ಕಳ ಮುಖ ಕಣ್ಣ ಮುಂದೆ ಬಂತು. "ತಿದ್ದಿಕೊಂತೀನ್ರೀ" ಎಂದೆ.

ಕಂಟ್ರೋಲರ್ ನನಗೆ ಗುರುವಾದರು. ಪಿಸುದನಿಯಲ್ಲೇ ಕಲಿಸುತ್ತಿದ್ದರು. ಮೈಕಿನಿಂದ ಬಾಯಿ ನಾಲ್ಕು ಬೆರಳು ದೂರ ಇರಬೇಕು. ಗುಂಡಿ ಒತ್ತಿದ ಕೂಡಲೇ ಮಾತಾಡಬಾರದು, ಒಂದು ಉಸಿರು ಬಿಟ್ಟು ಶುರು ಮಾಡಬೇಕು, ಇಲ್ಲದಿದ್ದರೆ ಮೊದಲ ಅಕ್ಷರವನ್ನು ಮೈಕು ನುಂಗುತ್ತದೆ. ಮೈಕಿಗೆ ಒಂದು ಕರವಸ್ತ್ರ ಸುತ್ತಿದರೆ ಗಾಳಿಯ ಸದ್ದು ಬರುವುದಿಲ್ಲ. ಶಾಲೆಗೆ ಸಾಲಿ ಎಂದು ರೂಢಿಯಾದ ನಾಲಿಗೆಗೆ 'ಶ' ಹೇಳಿಸಲು, ಅಳುವ ಮಗುವನ್ನು ಸುಮ್ಮನಿರಿಸುವಂತೆ ಶ್ ಶ್ ಎನ್ನಿಸುತ್ತಿದ್ದರು. 'ಭ', 'ಧ' ಬರಲೆಂದು ಹಳೆಯ ಟಿಕೆಟಿನ ಚೂರೊಂದನ್ನು ತುಟಿಯ ಮುಂದೆ ಹಿಡಿಯುತ್ತಿದ್ದರು. ಅಕ್ಷರ ಸರಿಯಾಗಿ ಬಂದರೆ ಕಾಗದ ಅಲುಗಬೇಕು. ನನ್ನ ಕಾಗದ ಬಹಳ ದಿನ ಅಲುಗಲೇ ಇಲ್ಲ. ಚಹಾದ ಹುಡುಗ ಊದಿ ಅಲುಗಿಸಿ, "ಅಕ್ಕಾ, ಪಾಸಾದಿ ನೋಡು" ಎನ್ನುತ್ತಿದ್ದ.

ಇವೆಲ್ಲ ನಿಧಾನಕ್ಕೆ ಬಂದವು. ಬಾರದೇ ಇದ್ದದ್ದು ಒಂದೇ.

"ಬಾಲ ಎಳೀಬೇಡಮ್ಮಾ" ಎನ್ನುತ್ತಿದ್ದರು ಅವರು. "ಮಾತು ಮುಗೀತಾ, ಅಲ್ಲಿಗೆ ಕತ್ತರಿಸು. ನಿಂತಿದೆ. ಚುಕ್ಕಿ. ಹೊರಡಲಿದೆ. ಚುಕ್ಕಿ. ನೀನು ಅದನ್ನ ಸೀರೆ ಸೆರಗಿನ ಥರ ಎಳ್ಕೊಂಡು ಹೋಗ್ತೀಯ."

ನನ್ನ ಮಾತಿಗೆ ಬಾಲವಿದೆಯೆಂಬುದೇ ನನಗೆ ಗೊತ್ತಿರಲಿಲ್ಲ. ನಮ್ಮ ಕೇರಿಯಲ್ಲಿ ಮಾತು ಹಾಗೆಯೇ ಮುಗಿಯುವುದು. ಕರೆದರೂ ಎಳೆಯುತ್ತೇವೆ, ಬೈದರೂ ಎಳೆಯುತ್ತೇವೆ. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡಿದವರ ಮಕ್ಕಳು ನಾವು, ಮಾತು ದೂರ ಹೋಗಬೇಕಿತ್ತು.

ಕಿಟಕಿಯ ಒಳಗೆ ಕುಳಿತು ಜನರ ಮಾತು ಕೇಳಲು ಶುರುಮಾಡಿದ್ದು ಆಗಲೇ. ಅಕ್ಕಿ ಗಿರಣಿಯ ಸಾಹುಕಾರರು "ಬರ್ರಿ, ಕುಂದರ್ರಿ" ಎಂದರೆ ಅದರಲ್ಲೊಂದು ಗಾಂಭೀರ್ಯ. ಅದನ್ನೇ ನಾನು ಮೈಕಿನಲ್ಲಿ ಹೇಳಿದ್ದಕ್ಕೆ ನಗು. ಎಲ್ಲರೂ ಖಾಲಾ ಎಂದು ಕರೆಯುತ್ತಿದ್ದ, ಕಿತ್ತಳೆ ಮಾರುವ ಮುಸ್ಲಿಂ ಹೆಂಗಸು ಮನೆಯವರ ಜೊತೆ ಉರ್ದು, ಗಿರಾಕಿಗಳ ಜೊತೆ ಕನ್ನಡ, ಆಂಧ್ರದ ಕಡೆಯಿಂದ ನಾಟಿಗೆ ಬಂದ ಕೂಲಿಯವರ ಜೊತೆ ತೆಲುಗು ಮಾತಾಡುತ್ತಿದ್ದಳು. ಮೂರರಲ್ಲೂ ರಾಗ ಒಂದೇ, ಅವಳ ಓಣಿಯದು. ಕಂಟ್ರೋಲರ್ ಕೂಡ ಪಾರಾಗಿರಲಿಲ್ಲ. ಊರಿನಿಂದ ಅವರ ಹೆಂಡತಿಯ ಫೋನು ಬಂದಾಗ ಇವರು ಮರೆತು "ಹೌದ್ರೀ" ಎಂದರೆ, ಆ ಕಡೆಯಿಂದ ನಗು ನಮಗೂ ಕೇಳುತ್ತಿತ್ತು. "ನಮ್ಮೂರಲ್ಲಿ ನನ್ನ ರಾಯಚೂರೋನು ಅಂತಾರಮ್ಮ, ಇಲ್ಲಿ ತುಮಕೂರೋನು" ಎಂದು ಒಮ್ಮೆ ಹೇಳಿದರು. ಅವರಿಗೆ ಅದು ತಮಾಷೆಯಾಗಿತ್ತು.

ನನಗೆ ಒಂದು ಸಂಗತಿ ಮಾತ್ರ ತಲೆನೋವಾಯಿತು. ವಾರವಿಡೀ ತಿದ್ದಿದ ನಾಲಿಗೆ ರವಿವಾರ ಅವ್ವನ ಮನೆಗೆ ಹೋಗಿ ಬಂದರೆ ಮೊದಲಿನಂತಾಗುತ್ತಿತ್ತು. ಸೋಮವಾರ ಮೊದಲ ಗಾಡಿ ಕೂಗುವಾಗಲೇ ಕಂಟ್ರೋಲರ್ ತಲೆಯೆತ್ತಿ, "ನಿನ್ನೆ ತವರುಮನೆಗೆ ಹೋಗಿದ್ದೆ ಅಲ್ವಾ?" ಎನ್ನುತ್ತಿದ್ದರು. ಒಮ್ಮೆಯೂ ಅವರ ಊಹೆ ತಪ್ಪಲಿಲ್ಲ. ಪ್ರೊಬೇಷನ್ ಮುಗಿಯುವ ದಿನ ಹತ್ತಿರವಾಗುತ್ತಿತ್ತು. ಒಂದು ಸೋಮವಾರ ಮ್ಯಾನೇಜರ್ ಸ್ವತಃ ಕೋಣೆಯಲ್ಲಿ ನಿಂತಿದ್ದಾಗಲೇ ನನ್ನ ಬಾಯಿಂದ "ಹೊಂಟದರೀ..." ಎಂದು ಬಂತು. ಅವರು ಗೋಡೆಯ ಕ್ಯಾಲೆಂಡರ್ ಕಡೆ ನೋಡಿ ಹೊರಗೆ ಹೋದರು.

ಅಂದು ಸಂಜೆ ಅಕ್ಕಿ ಆರಿಸುತ್ತ ಕುಳಿತು ತೀರ್ಮಾನ ಮಾಡಿದೆ. ಕೆಲಸ ಗಟ್ಟಿಯಾಗುವ ತನಕ ಊರಿಗೆ ಹೋಗುವುದಿಲ್ಲ. ಮನೆಯಲ್ಲಿಯೂ ಮೈಕಿನ ಮಾತನ್ನೇ ಆಡುತ್ತೇನೆ, ಮಕ್ಕಳಿಗೂ ಅದನ್ನೇ ಕಲಿಸುತ್ತೇನೆ. ನಿಮ್ಮ ಅಮ್ಮನಿಗೆ "ಊಟ ಮಾಡು ಬಾ" ಎಂದಾಗ ಅವಳು ಬಾಗಿಲಲ್ಲೇ ನಿಂತು ನನ್ನನ್ನು ನೋಡಿದಳು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಏನವ್ವಾ, ಮನ್ಯಾಗೂ ಮೈಕ್ ಹಚ್ಚಿಯೇನು?" ಎಂದು ನಕ್ಕಳು. ಆಗ ನನಗೆ ಅದು ಸರಿಯಾದ ದಾರಿಯಾಗಿಯೇ ಕಂಡಿತು. ಮಕ್ಕಳು ರಾತ್ರಿ ನನ್ನ ಪಕ್ಕದಲ್ಲಿ ಮಲಗಬೇಕೆಂದರೆ ಬೇರೆ ದಾರಿ ಇರಲಿಲ್ಲ. ಈಗಲೂ ಇತ್ತೆಂದು ಹೇಳಲಾರೆ.

ನಾಲಿಗೆ ಬದಲಾಯಿತು. ಒಂದು ಬೆಳಿಗ್ಗೆ ಮಾತು ತಾನೇ ಚುಕ್ಕಿ ಇಟ್ಟಲ್ಲಿ ನಿಂತಿತು. "ಮಾನ್ಯ ಪ್ರಯಾಣಿಕರ ಗಮನಕ್ಕೆ. ಸಿರವಾರ ಮಾರ್ಗವಾಗಿ ದೇವದುರ್ಗಕ್ಕೆ ತೆರಳುವ ವಾಹನವು ಮೂರನೆಯ ಅಂಕಣದಲ್ಲಿ ನಿಂತಿದೆ." ಕಂಟ್ರೋಲರ್ ಟಿಕೆಟಿನ ಚೂರನ್ನು ಕಸದ ಬುಟ್ಟಿಗೆ ಹಾಕಿ ಕೈ ಝಾಡಿಸಿದರು. ನನಗೆ ನಗು ಬಂತು, ಹೆಮ್ಮೆಯೂ ಆಯಿತು. ಅಂದು ಹಿಂದಿನ ಸಾಲಿನಿಂದ ಗೊಣಗುವವರು ಯಾರೂ ಇರಲಿಲ್ಲ.

ಹೀಗಿರುವಾಗ ಒಂದು ದಿನ ಅವ್ವ ಮಾನ್ವಿಗೆ ಬಂದಳು. ಮಗಳು ಬರಲೊಲ್ಲಳೆಂದು, ಅಪ್ಪನನ್ನು ಒಂದು ಹಗಲಿನ ಮಟ್ಟಿಗೆ ನೆರೆಯವರಿಗೆ ಒಪ್ಪಿಸಿ ತಾನೇ ಬಂದಿದ್ದಳು. ಮೈಕಿನಲ್ಲಿ ಮಾತಾಡುವ ಕೆಲಸವೆಂದು ಅವಳಿಗೆ ಗೊತ್ತಿತ್ತು, ಕೋಣೆ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಧ್ವನಿ ಕೇಳಿದರೆ ಆಯಿತು ಎಂದುಕೊಂಡು ಸ್ಪೀಕರ್ ಕಟ್ಟಿದ್ದ ಕಂಬದ ಕೆಳಗೆ ಕುಳಿತಿದ್ದಳಂತೆ. ಗಾಡಿಗಳು ಬಂದವು, ಹೋದವು, ನಾನು ಎಲ್ಲವನ್ನೂ ಕೂಗಿದೆ. ಅವಳು ಏಳಲಿಲ್ಲ. ಕೊನೆಗೆ ಕಿತ್ತಳೆಯ ಖಾಲಾಳನ್ನು ಕೇಳಿದಳಂತೆ: "ಯವ್ವಾ, ನನ್ನ ಮಗಳು ಇಲ್ಲೇ ಮೈಕಿನ್ಯಾಗ ಮಾತಾಡ್ತಾಳ. ಇವತ್ತು ರಜಾ ಹಾಕ್ಯಾಳೇನು? ಬ್ಯಾರೆ ಯಾರೋ ಮಾತಾಡಾಕತ್ತಾಳ."

"ಅರೆ, ಅಕೀನ ನಿನ್ನ ಮಗಳು!"

"ಹೋಗಬೇ. ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ದನಿ ನನಗ ಗೊತ್ತಾಗಂಗಿಲ್ಲೇನು?"

ಖಾಲಾ ಅವಳ ಕೈ ಹಿಡಿದು ನನ್ನ ಬಾಗಿಲಿಗೆ ತಂದು ಬಿಟ್ಟಳು. ನಾನು ಗುಂಡಿ ಬಿಟ್ಟು ತಿರುಗಿದೆ. ಅವ್ವನ ಕಂಕುಳಲ್ಲಿ ಬುತ್ತಿಯ ಗಂಟು: ಸಜ್ಜೆ ರೊಟ್ಟಿ, ಪುಂಡಿಪಲ್ಲೆ. ಎದ್ದು ನಿಂತು, "ಕುಳಿತುಕೋ" ಎಂದೆ.

ಅವ್ವ ನನ್ನನ್ನು ನೋಡಿದಳು. "ಕುಳಿತುಕೋ! ಯಾಕಬೇ, ಕುಂದ್ರು ಅಂದ್ರ ಕುಂದರಂಗಿಲ್ಲೇನು ನಾ?" ಎಂದು ನಕ್ಕಳು. ಕಂಟ್ರೋಲರ್ ಕೂಡ ನಕ್ಕರು. ಅವ್ವ ಅವರ ಮುಂದೆ ಸೆರಗು ಸರಿಮಾಡಿಕೊಂಡು, "ಭಾಳ ಚಂದ ಮಾತಾಡ್ತಾಳ್ರೀ ಸಾಹೇಬ್ರ. ದೊಡ್ಡಮಂದಿ ಮನಿ ಹೆಣ್ಮಗಳಂಗ" ಎಂದಳು. ಆಮೇಲೆ ನನ್ನ ಕಡೆ ಬಗ್ಗಿ, ಮೆಲ್ಲಗೆ, "ಈಗ ನನಗೇನಂತ ಕರೀತಿ? ಯವ್ವಾ ಅಂತಿಯೋ, ಅಮ್ಮಾ ಅಂತಿಯೋ?" ಎಂದಳು.

ಅಷ್ಟರಲ್ಲಿ ರಾಯಚೂರಿನ ಗಾಡಿ ಒಳಗೆ ಬಂತು. ನಾನು ಗುಂಡಿ ಒತ್ತಿದೆ. ಅವಳು ಅದನ್ನು ಮತ್ತೆ ಕೇಳಲಿಲ್ಲ.

ಕೆಲಸ ಗಟ್ಟಿಯಾಯಿತು. ಹಗಲು ಪಾಳಿ, ನಿಲ್ದಾಣ, ಮೈಕು ಎಲ್ಲ ನನ್ನದಾಯಿತು. ಮತ್ತೆ ಊರಿಗೆ ಹೋಗಿಬರಲು ಶುರುಮಾಡಿದೆ. ಅವ್ವನ ಮುಂದೆ ಹಳೆಯ ಮಾತು ಆಡಲು ನೋಡುತ್ತಿದ್ದೆ. ಪದಗಳು ಬರುತ್ತಿದ್ದವು: ಹೌದಬೇ, ಬ್ಯಾಡಬೇ, ಬರ್ತೀನಿ. ಆದರೆ ಎಲ್ಲವೂ ಚುಕ್ಕಿ ಇಟ್ಟಂತೆ ನಿಲ್ಲುತ್ತಿದ್ದವು. ಅವ್ವ ಕೇಳಿಸದವಳಂತೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ತೀರಿಕೊಂಡಾಗ ಹಾಡಾಡಿ ಅಳುವುದನ್ನು ಅವಳೇ ಮೊದಲು ಮಾಡಿದಳು, ನಾನು ಹಿಂದೆ ದನಿಗೂಡಿಸಿದೆ. ಗುಂಪಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಅವ್ವ ಹೋದ ಸುದ್ದಿ ನಿಲ್ದಾಣದ ಫೋನಿಗೆ ಬಂತು. ಕಂಟ್ರೋಲರ್, "ನೀನು ಹೊರಡಮ್ಮ, ಗಾಡಿ ನಾನು ಕೂಗ್ತೀನಿ" ಎಂದು ಆ ಕೆಟ್ಟ ಗಂಟಲಲ್ಲೇ ಮೈಕಿಗೆ ಕೈ ಚಾಚಿದರು. ದೇವದುರ್ಗದ ಗಾಡಿ ಬಂದು ನಿಂತಿತ್ತು. ನಾನೇ ಗುಂಡಿ ಒತ್ತಿ, ಒಂದು ಉಸಿರು ಬಿಟ್ಟು, ಮೂರನೆಯ ಅಂಕಣದಲ್ಲಿ ನಿಂತಿದೆ ಎಂದು ಹೇಳಿದೆ. ಧ್ವನಿ ಅಲುಗಲಿಲ್ಲ. ಮಕ್ಕಳನ್ನು ಕರೆದುಕೊಂಡು ಅದೇ ಗಾಡಿಯನ್ನು ಹತ್ತಿದೆ. ದಾರಿಯ ಎರಡೂ ಕಡೆ ಮೊದಲು ಭತ್ತದ ಗದ್ದೆ, ಆಮೇಲೆ ಒಣ ಹೊಲ. ಆ ಧ್ವನಿ ಅಲುಗಲಿಲ್ಲವಲ್ಲ ಎಂಬುದೇ ತಲೆಯಲ್ಲಿ.

ನಮ್ಮ ಕಡೆಯ ಪದ್ಧತಿಯಂತೆ ಅವ್ವನನ್ನು ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂಡಿಸಿದ್ದರು. ಕೇರಿಯ ಹೆಂಗಸರೆಲ್ಲ ಕುಳಿತಿದ್ದರು. ಯಾರೂ ಅಳುತ್ತಿರಲಿಲ್ಲ. ನಮ್ಮಲ್ಲಿ ತಾಯಿ ಸತ್ತರೆ ಹಿರಿಮಗಳೇ ಮೊದಲು ಮಾಡಬೇಕು. ಅವಳು ಬರುವ ತನಕ ಕಾಯುತ್ತಾರೆ. ನಾನು ಅವ್ವನ ಕಾಲ ಬಳಿ ಕುಳಿತೆ. ಚಿಗವ್ವ, ಅಂದರೆ ಅವ್ವನ ತಂಗಿ, ನನ್ನ ಬೆನ್ನ ಮೇಲೆ ಕೈ ಇಟ್ಟು, "ಸುರು ಮಾಡವ್ವಾ. ನಿಮ್ಮವ್ವ ಎಲ್ಲಾರನ್ನೂ ಕಳಿಸಿಕೊಟ್ಟಾಳ. ಅಕೀನ್ನ ನೀ ಕಳಿಸು" ಎಂದಳು.

ಹೇಳಬೇಕಾದದ್ದು ಎದೆಯಲ್ಲಿ ಬೇಕಾದಷ್ಟಿತ್ತು. ಬುತ್ತಿ, ಕಂಬದ ಕೆಳಗೆ ಕುಳಿತದ್ದು, ನಾನು ಬರದ ರವಿವಾರಗಳು. ಬಾಯಿ ತೆರೆದೆ. ಒಂದು ಉಸಿರು ಬಿಟ್ಟೆ, ರೂಢಿ. "ಅವ್ವಾ. ನೀನು ನಮ್ಮನ್ನು ಬಿಟ್ಟು ಎಲ್ಲಿಗೆ ಹೋದೆ." ಸ್ಪಷ್ಟವಾಗಿ ಬಂತು, ಒಂದು ಅಕ್ಷರವೂ ಕೆಡದೆ. ಮಾತು ಮುಗಿಯಿತು, ನಿಂತಿತು. ಉಳಿದವರ ಅಳು ಬಂದು ಕೂಡಿಕೊಳ್ಳಲು ಅಲ್ಲಿ ಜಾಗವೇ ಇರಲಿಲ್ಲ. ಇನ್ನೊಮ್ಮೆ ನೋಡಿದೆ. ಇನ್ನೂ ಚೆನ್ನಾಗಿ ಬಂತು. ಹಿಂದೆ ಒಬ್ಬ ಚಿಕ್ಕ ಹುಡುಗಿ ಕಿಸಕ್ಕನೆ ನಕ್ಕಳು. ಯಾರೋ ಪಿಸುಗುಟ್ಟಿದರು: "ಬಸ್ಸು ಹೊಂಟಂಗಾತು."

ಚಿಗವ್ವ ಹುಡುಗಿಯ ಬೆನ್ನಿಗೆ ಒಂದು ಕೊಟ್ಟಳು. ಮಗು ಹೋ ಎಂದು ಅತ್ತಿತು, ಮತ್ತು ಆ ಮಗುವಿನ ಅಳುವನ್ನೇ ಹಿಡಿದು ಚಿಗವ್ವ ಎಳೆದಳು: "ಯಕ್ಕಾ, ಯಾರ ಮನಿಗೆ ಅಳಾಕ ಹೊಂಟೀಯೇ..." ಕಟ್ಟೆಯ ಮೇಲಿನ ಹೆಂಗಸರೆಲ್ಲ ಒಮ್ಮೆಗೇ ಅತ್ತರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಕುಳಿತೆ. ಅವ್ವನನ್ನು ಕಳಿಸಿಕೊಟ್ಟದ್ದು ನಾನಲ್ಲ.

ಮಣ್ಣು ಮಾಡಿ ಬಂದ ಮೇಲೆ ಚಿಗವ್ವ ನನಗೆ ನೀರು ಕೊಟ್ಟು, "ಬಿಡವ್ವಾ. ಹೊಟ್ಟಿಗಾಗಿ ಕಲ್ತ ಮಾತು. ನಿಮ್ಮವ್ವಗ ತಿಳೀತದ" ಎಂದಳು. ತಿಳಿಯುತ್ತಿತ್ತು, ನಿಜ. ಅದರಿಂದ ನನಗೆ ಸಮಾಧಾನವಾಗಲಿಲ್ಲ.

ಆಮೇಲೆ ಬಹಳ ವರ್ಷ ಪ್ರಯತ್ನ ಮಾಡಿದೆ. ಒಲೆಯ ಮುಂದೆ ಒಬ್ಬಳೇ ಇದ್ದಾಗ ಎಳೆದು ನೋಡುತ್ತಿದ್ದೆ. ದೇವದುರ್ಗದ ಗಾಡಿಯಿಂದ ಇಳಿಯುವ ಹೆಂಗಸರನ್ನು ಕಿಟಕಿಗೆ ಕರೆದು, ಕಾರಣವಿಲ್ಲದೆ ಮಾತಾಡಿಸುತ್ತಿದ್ದೆ. ನನ್ನ ಬಾಯಲ್ಲಿ ಅದು ಕಾಲೇಜಿನ ಹುಡುಗರು ಅಣಕಿಸುತ್ತಿದ್ದರಲ್ಲ, ಹಾಗೆ ಕೇಳುತ್ತಿತ್ತು. ಕೊನೆಗೆ ಬಿಟ್ಟೆ. ನಾನು ನಿವೃತ್ತಳಾಗುವ ಹೊತ್ತಿಗೆ ಮೈಕಿನ ಮುಂದೆ ಕೂಡುವವರೇ ಬೇಡವಾದರು, ಎಲ್ಲೋ ಮಾತಾಡಿಟ್ಟ ಯಾವುದೋ ಹೆಣ್ಣಿನ ಧ್ವನಿ ಯಂತ್ರದಿಂದ ಬರತೊಡಗಿತು. ಒಮ್ಮೆ ಮಾನ್ವಿಗೆ ಹೋದಾಗ ಅದೇ ಕಂಬದ ಕೆಳಗೆ ನಿಂತು ಕೇಳಿದೆ. ಚೆನ್ನಾಗಿಯೇ ಮಾತಾಡುತ್ತಾಳೆ. ಯಾರ ಮನೆಯವಳೆಂದು ತಿಳಿಯುವುದಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ ಇದು, ಇನ್ನೊಂದು ಮಾತು ಉಳಿದಿದೆ. ಹೋದ ತಿಂಗಳು ಚಿಗವ್ವ ನಮ್ಮ ಮನೆಯಲ್ಲಿ ಎರಡು ದಿನ ಇದ್ದು ಹೋದಳಲ್ಲ, ಆಮೇಲೆ ಕಿರಿಯವಳು ಅಡುಗೆಮನೆಯಲ್ಲಿ "ಯವ್ವಾ, ಹಸಿವಿ ಆಗೇದಬೇ..." ಎಂದು ಎಳೆದಳು. ನಿಮ್ಮ ಅಮ್ಮ, "ಹಾಗೆಲ್ಲ ಮಾತಾಡಬಾರದು, ಸರಿಯಾಗಿ ಹೇಳು" ಎಂದು ಗದರಿದಳು. ಅವಳು ಗದರಿದ ರೀತಿ ನನ್ನದೇ. ನಾನೇ ಕಲಿಸಿದ್ದು. ನಾನು ಹೊರಗಿನ ಕೋಣೆಯಲ್ಲಿ ಅವರೆ ಬಿಡಿಸುತ್ತಿದ್ದೆ, ಕೈ ನಿಂತಿತು. ಆ ಎಳೆತ ಅವ್ವನದೇ ಆಗಿತ್ತು ಎಂದು ಹೇಳಲಾರೆ, ಹತ್ತಿರದ್ದಾಗಿತ್ತು. ಎದ್ದು ಬಂದು ನಿಮ್ಮ ಅಮ್ಮನಿಗೆ ಏನಾದರೂ ಹೇಳಬೇಕೆನಿಸಿತು. ಹೇಳಲಿಲ್ಲ. ಅದನ್ನು ಇಲ್ಲಿ ಹೇಳುತ್ತಿದ್ದೇನೆ, ಅವಳೂ ಓದಲಿ: ಮಗುವನ್ನು ಬಿಡು.

ನನ್ನ ಸರದಿ ಬಂದಾಗ ನಮ್ಮ ಪದ್ಧತಿಯಂತೆ ನಿಮ್ಮ ಅಮ್ಮನೇ ಮೊದಲು ಮಾಡಬೇಕಾಗುತ್ತದೆ. ಅವಳಿಗೆ ಬರುವುದಿಲ್ಲ, ನನಗೆ ಗೊತ್ತು. ಬಂದಷ್ಟು ಮಾಡಲಿ, ಬಾರದಿದ್ದರೆ ಸುಮ್ಮನೆ ಕೂಡಲಿ. ಕಿರಿಯವಳಿಗೆ ಎಳೆಯಬೇಕೆನಿಸಿದರೆ ಯಾರೂ ತಡೆಯಬೇಡಿ. ಹಿಂದೆ ಯಾವುದಾದರೂ ಮಗು ನಕ್ಕರೆ ನಗಲಿ, ಅದಕ್ಕೆ ಹೊಡೆಯಬೇಡಿ.